ಹನ್ನೊಂದನೆಯ ಹಿಡಿ

ಕಪಿಲೆಯ ದಡದಲ್ಲಿ ಒಂದು ಗರಡಿಮನೆ. ಅಲ್ಲಿ ಈಗ ಯಾರೂ ಕುಸ್ತಿ ಆಡುವುದಿಲ್ಲ.

ಉಸ್ತಾದ್ ಚೆಲುವಯ್ಯನವರ ಅಪ್ಪನ ಕಾಲಕ್ಕೇ ಪೈಲ್ವಾನರು ಕಡಿಮೆಯಾಗಿದ್ದರು. ಇವರ ಕಾಲಕ್ಕೆ ಒಬ್ಬರೂ ಉಳಿಯಲಿಲ್ಲ. ಉಸ್ತಾದರು ಕೆಮ್ಮಣ್ಣನ್ನು ಹಾಗೇ ಬಿಟ್ಟು, ಅದರ ಅಂಚಿನಲ್ಲಿ ಒಂದು ದೊಡ್ಡ ಟಿ.ವಿ. ಇಟ್ಟು ಎರಡು ಮಣೆ ಹಾಕಿದರು.

ಟಿ.ವಿ.ಯೊಳಗೆ ಎರಡು ಆಳುಗಳು ಹೊಡೆದಾಡುವ ವಿಡಿಯೋ ಗೇಮ್. ಹೊರಗೆ ಇಬ್ಬರು ಶಿಷ್ಯರು, ತೊಡೆಯ ಮೇಲೆ ಒಂದೊಂದು ಪೆಟ್ಟಿಗೆ. ಪೆಟ್ಟಿಗೆಯ ಎಡಕ್ಕೆ ಆಳನ್ನು ಓಡಾಡಿಸುವ ಒಂದು ಗಿಡ್ಡ ಕೋಲು, ಬಲಕ್ಕೆ ಹೊಡೆತಕ್ಕೆ ಒಂದೊಂದರಂತೆ ಎಂಟು ಗುಂಡಿ.

ಊರಿನವರು ನಕ್ಕರು. ಮೈಗೆ ಮಣ್ಣು ಹತ್ತದ ಕುಸ್ತಿ ಅಂದರು.

"ಒಬ್ಬನ ಎದುರು ಒಬ್ಬ ಕೂತ ಮೇಲೆ ಅದು ಕುಸ್ತಿಯೇ ಕಣ್ರಪ್ಪ" ಅಂದರು ಉಸ್ತಾದರು.

ಅವರ ಗರಡಿಗೆ ಮೂರು ರೂಢಿ. ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡು ಕೂರಬೇಕು. ಆಟಕ್ಕೆ ಮುಂಚೆ ಎಂಟೂ ಗುಂಡಿಯನ್ನು ಒಂದೊಂದಾಗಿ ಒತ್ತಿ, ಒಳಗಿನ ಆಳು ಹೇಳಿದ ಮಾತು ಕೇಳುತ್ತಾನೋ ಇಲ್ಲವೋ ನೋಡಿಕೊಳ್ಳಬೇಕು. ಶುರುವಾದ ಮೇಲೆ ಏನೇ ಕಾರಣಕ್ಕೆ ನಿಲ್ಲಿಸಿದರೂ, ನಿಲ್ಲಿಸಿದವರು ಒಂದು ಆಟ ಬಿಟ್ಟುಕೊಡಬೇಕು.

ಇನ್ನೊಂದು ಸಂಗತಿ. ಉಸ್ತಾದರ ಅಪ್ಪನವು ಎರಡು ಗದೆ ಇದ್ದವು, ಜೋಡಿ ಗದೆ. ಒಂದನ್ನು ಕುಯ್ದು ಉಸ್ತಾದರು ಕೋಲಿನ ತುದಿಗೆ ಹಾಕುವ ಗುಂಡನೆಯ ಹಿಡಿಗಳನ್ನು ಕಡೆದರು. ಹದಿನೈದು ವರ್ಷದಲ್ಲಿ ಹತ್ತು ಜನ ಶಿಷ್ಯರಿಗೆ ಹತ್ತು ಹಿಡಿ ಕೊಟ್ಟರು. ಉಳಿದ ತುಂಡಿನಲ್ಲಿ ಒಂದೇ ಒಂದು ಹಿಡಿ ಆಯಿತು. ಆ ಹನ್ನೊಂದನೆಯದು ತಾರಿಣಿಯ ಕೋಲಿನ ಮೇಲಿತ್ತು.

ಇನ್ನೊಂದು ಗದೆ ಹನುಮಂತನ ಗೂಡಿನ ಪಕ್ಕ ನಿಂತಿತ್ತು. ಅದಕ್ಕೆ ಶನಿವಾರ ಶನಿವಾರ ಹೂವು.

ತಾರಿಣಿಗೆ ಇಪ್ಪತ್ತೆರಡು ವರ್ಷ. ಹಗಲು ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸ, ಸಂಜೆ ಗರಡಿ. ಸೋಲು ಅವಳಿಗೆ ಅಷ್ಟಾಗಿ ಪರಿಚಯವಿರಲಿಲ್ಲ. ಸ್ವಲ್ಪ ಜಂಬದ ಕೋಳಿಯೇ ಅನ್ನಬೇಕು, ಆದರೆ ಆ ಜಂಬಕ್ಕೆ ತಕ್ಕ ಕೈ ಇತ್ತು.

ಒಂದು ಸಂಜೆ ಅವಳು ಕೇಳಿದಳು.

"ಉಸ್ತಾದ್ರೇ, ಪಣ ಕಟ್ಟೋದು ತಪ್ಪಾ?"

"ಯಾಕವ್ವ, ಸೋತ್ಯಾ?"

"ಇಲ್ಲ, ಗೆದ್ದೆ. ಒಂಬತ್ತು ಭಾನುವಾರದಿಂದ ಗೆಲ್ತಾನೇ ಇದೀನಿ."

"ಗೆದ್ದೋಳಿಗೆ ತಪ್ಪು ಅಂತ ಯಾಕೆ ಅನ್ನಿಸ್ತು?"

ತಾರಿಣಿ ನಡೆದದ್ದನ್ನೆಲ್ಲ ಹೇಳಿದಳು.

ಬಸ್ ಸ್ಟ್ಯಾಂಡಿನ ಹಿಂದೆ ಒಂದು ಗೇಮ್ ಅಂಗಡಿ. ಭಾನುವಾರ ಅಲ್ಲಿ ಇಬ್ಬಿಬ್ಬರು ಆಡುತ್ತಿದ್ದರು, ಉಳಿದವರು ಸುತ್ತ ನಿಂತು ಪಣ ಕಟ್ಟುತ್ತಿದ್ದರು. ಎಲ್ಲರೂ ಟಿ.ವಿ. ನೋಡಿದರೆ ತಾರಿಣಿ ಆಡುವವರ ಕೈ ನೋಡುತ್ತಿದ್ದಳು. ಯಾವ ಬೆರಳು ಅವಸರ ಮಾಡುತ್ತಿದೆ, ಯಾವ ಮಣಿಕಟ್ಟು ಹೆದರಿದೆ ಎಂದು ಎರಡು ನಿಮಿಷದಲ್ಲಿ ಹೇಳಿಬಿಡುತ್ತಿದ್ದಳು.

"ಎಲ್ಲಿ, ನನ್ನ ಮುಂದೆ ಕಟ್ಟು" ಅಂದರು ಉಸ್ತಾದರು.

ನೆನೆಸಿದ ಬಾದಾಮಿಯ ಬಟ್ಟಲು ತಂದಿಟ್ಟರು. ಇಬ್ಬರು ಶಿಷ್ಯರನ್ನು ಕೂರಿಸಿದರು. ತಾರಿಣಿ ಕೈ ನೋಡಿ ಐದು ಬಾದಾಮಿ ಕಟ್ಟಿದಳು, ಗೆದ್ದಳು. ಬೇರೆ ಇಬ್ಬರು ಕೂತರು. ಹತ್ತು ಕಟ್ಟಿದಳು, ಆಗಲೂ ಗೆದ್ದಳು.

ಮೂರನೆಯ ಸಲ ಉಸ್ತಾದರು ತಾವೇ ಕೂತರು. ಎದುರಿಗೆ ಬೋರೇಶ. ಅವನು ಗರಡಿಗೆ ಬಂದು ಎರಡು ತಿಂಗಳೂ ಆಗಿರಲಿಲ್ಲ.

"ಯಾರ ಮೇಲೆ ಕಟ್ತೀಯವ್ವ?"

"ಇದೂ ಕೇಳೋ ಮಾತಾ ಉಸ್ತಾದ್ರೇ? ಗೆದ್ದಿದ್ದೆಲ್ಲಾ ನಿಮ್ಮ ಮೇಲೆ."

ಆಟ ಶುರುವಾಯಿತು. ಉಸ್ತಾದರು ಎರಡೂ ಕೈಯನ್ನು ಕಂಕುಳಲ್ಲಿ ಇಟ್ಟುಕೊಂಡು ಕೂತರು. ಬೋರೇಶ ಹೆದರಿ ಹೆದರಿ ಗುರುವಿನ ಆಳಿಗೆ ಒಂದು ಗುದ್ದು ಹಾಕಿದ. ಏನೂ ಆಗಲಿಲ್ಲ. ಇನ್ನೊಂದು ಹಾಕಿದ. "ತಪ್ಪಾಯ್ತು ಉಸ್ತಾದ್ರೇ, ತಪ್ಪಾಯ್ತು" ಅನ್ನುತ್ತಲೇ ಪೂರ್ತಿ ಮಲಗಿಸಿದ.

"ಇದು ಮೋಸ!" ತಾರಿಣಿ ಎದ್ದು ನಿಂತಳು. "ಬೇಕೂ ಅಂತ ಸೋತ್ರಿ."

"ನೀನು ಕೈ ಓದೋಳಲ್ವಾ? ಸೋತ್ರೂ ಆಯ್ತದೆ ಅಂತ ಕೂತೋನ ಕೈ ಓದೋಕೆ ಬರಲಿಲ್ವಾ?"

ಬಟ್ಟಲನ್ನು ಬೋರೇಶನ ಕೈಗೆ ಕೊಟ್ಟರು. ಅವನು ಬೆವರು ಒರೆಸಿಕೊಂಡು ತಿನ್ನತೊಡಗಿದ.

"ಅದೆಲ್ಲಾ ಇರಲಿ. ಪಣ ಕಟ್ಟೋದು ತಪ್ಪೋ ಸರಿಯೋ ಹೇಳಲೇ ಇಲ್ಲ ನೀವು."

"ಇದು ಬಾದಾಮಿ ಕಣವ್ವ. ಹೋದ್ರೆ ನಾಳೆ ಮತ್ತೆ ನೆನೆ ಹಾಕ್ತೀನಿ. ಹೋದ್ರೆ ವಾಪಸ್ ಬರದೇ ಇರೋದನ್ನ ನಾನು ಯಾವತ್ತೂ ಕಟ್ಟಿಲ್ಲ. ಕಟ್ಟಿದ ದಿನ ಹೇಳ್ತೀನಿ, ತಪ್ಪೋ ಸರಿಯೋ."

ಅಲ್ಲಿಗೆ ಆ ಮಾತು ಮುಗಿಯಿತು.

ಮುಂದಿನ ಭಾನುವಾರ ಗೇಮ್ ಅಂಗಡಿಗೆ ಮೈಸೂರಿನಿಂದ ಕೀರ್ತಿರಾಜ ಬಂದ. ಮೂವತ್ತರ ವಯಸ್ಸು, ಮೆದುವಾದ ಮಾತು. ಅವನ ಪೆಟ್ಟಿಗೆಗೆ ಒಂದು ಸರ ತೂಗುಬಿದ್ದಿತ್ತು. ಸರದ ತುಂಬ ಹಿಡಿಗಳು. ಕೆಂಪು, ಹಳದಿ, ಗಾಜಿನದು, ಹಿತ್ತಾಳೆಯದು. ತಾನು ಸೋಲಿಸಿದವರ ಕೋಲಿನಿಂದ ಹಿಡಿ ಬಿಚ್ಚಿಸಿಕೊಳ್ಳುವುದು ಅವನ ಪದ್ಧತಿ. ಒಟ್ಟು ಮೂವತ್ತೊಂದು ಇದ್ದವು.

ಅವನ ಕಣ್ಣು ತಾರಿಣಿಯ ಕೋಲಿನ ಮೇಲೆ ಬಿತ್ತು.

"ಮರದ್ದಾ?"

"ಗದೆದು."

"ಇಂಥದ್ದು ನನ್ನ ಹತ್ರ ಇಲ್ಲ. ನಿಮ್ಮ ಈ ಒಂದಕ್ಕೆ ನನ್ನ ಇಡೀ ಸರ ಕಟ್ತೀನಿ. ಮೊದಲು ಹತ್ತು ಆಟ ಗೆದ್ದವರದ್ದು. ಏನಂತೀರಾ?"

ಒಂದಕ್ಕೆ ಮೂವತ್ತೊಂದು! ಸುತ್ತ ನಿಂತವರು ಹೋ ಎಂದು ಕೂಗಿದರು. ತಾರಿಣಿ ಅವನ ಕೈ ನೋಡಿದಳು. ಒಳ್ಳೆಯ ಕೈ, ಆದರೆ ಕಿರುಬೆರಳು ಬಿಗಿದುಕೊಂಡಿತ್ತು. ಗೆಲ್ಲಬಹುದು ಎಂದು ಅವಳಿಗೆ ಅನ್ನಿಸಿತು. ಅನ್ನಿಸಿದ್ದು ಸುಳ್ಳೂ ಆಗಿರಲಿಲ್ಲ.

"ಮುಂದಿನ ಭಾನುವಾರ, ನಮ್ಮ ಗರಡೀಲಿ" ಅಂದಳು.

ಸಂಜೆ ಉಸ್ತಾದರಿಗೆ ಹೇಳಿದಳು. ಅವರು ಮಣ್ಣಿಗೆ ನೀರು ಚಿಮುಕಿಸುತ್ತಿದ್ದವರು ನಿಲ್ಲಿಸಿದರು.

"ಆ ಹಿಡಿ ಯಾರದವ್ವ?"

"ನೀವು ಕೊಟ್ಟಿದ್ದು. ಈಗ ನಂದು."

"ನಿಂದು ಅಂದ ಮೇಲೆ ನನ್ನ ಯಾಕೆ ಕೇಳ್ತೀಯ?"

"ಕೇಳ್ತಿಲ್ಲ, ಹೇಳ್ತಿದೀನಿ. ಗೆಲ್ತೀನಿ ಉಸ್ತಾದ್ರೇ. ಮೂವತ್ತೊಂದು ಹಿಡಿನೂ ತಂದು ಹನುಮಂತನ ಮುಂದೆ ಇಡ್ತೀನಿ."

"ಹನುಮಂತ ಏನು ಗೇಮ್ ಆಡ್ತಾನಾ?"

ತಾರಿಣಿ ನಕ್ಕಳು. ಉಸ್ತಾದರು ನಗಲಿಲ್ಲ. ಗೂಡಿನ ಪಕ್ಕದ ಗದೆಯ ಕಡೆ ಒಮ್ಮೆ ನೋಡಿದರು.

"ಕುಸ್ತಿಗೆ ಜೋಡಿ ಕೇಳಿ ಬಂದೋರಿಗೆ ಗರಡಿ ಬಾಗಿಲು ಹಾಕೋ ಹಂಗಿಲ್ಲ. ಬರೋಕೆ ಹೇಳು."

ಭಾನುವಾರ ಬಂತು. ತಾರಿಣಿ ಹತ್ತು ಗಂಟೆಗೆ ಬಂದಾಗ ಉಸ್ತಾದರು ಆಗಲೇ ಸ್ನಾನ ಮಾಡಿ, ಟಿ.ವಿ. ಒರೆಸಿ, ಆಟ ಹಚ್ಚಿ ಇಟ್ಟಿದ್ದರು. ಗೇಮ್ ಅಂಗಡಿಯ ಜನವೆಲ್ಲ ಬಂದು ಗೋಡೆಗೆ ಒರಗಿ ಕೂತಿತ್ತು. ಯಾರ ಮೇಲೆ ಎಷ್ಟು ಎಂದು ಆಗಲೇ ಪಿಸುಮಾತು ನಡೆದಿತ್ತು.

ಇಬ್ಬರೂ ಮಣ್ಣು ಮುಟ್ಟಿ ಕೂತರು. ಕೀರ್ತಿರಾಜ ಸರ ಬಿಚ್ಚಿ ನಡುವೆ ಇಟ್ಟ.

"ಗುಂಡಿ ನೋಡ್ಕೊಳ್ಳಿ" ಅಂದರು ಉಸ್ತಾದರು.

ಕೀರ್ತಿರಾಜ ಎಂಟೂ ಗುಂಡಿ ಒತ್ತಿ ನೋಡಿದ. ಮತ್ತೊಮ್ಮೆ ಮೊದಲಿಂದ ಒತ್ತಿದ.

ತಾರಿಣಿ ಬೆರಳಿನ ನೆಟಿಗೆ ಮುರಿಯುತ್ತ ಕೂತಿದ್ದಳು.

"ನೀನೂ ನೋಡ್ಕೊಳ್ಳವ್ವ."

"ನಂದೇ ಪೆಟ್ಟಿಗೆ, ನಮ್ಮದೇ ಮನೆ. ಏನು ನೋಡೋದು ಉಸ್ತಾದ್ರೇ? ಶುರು ಮಾಡ್ಸಿ."

ಗೋಡೆಯ ಬಳಿ ಕೂತವರಿಗೆ ಆ ಗತ್ತು ಹಿಡಿಸಿತು, ಶಿಳ್ಳೆ ಹಾಕಿದರು. ತಾರಿಣಿಗೂ ಹಿಡಿಸಿತು.

ಅವಳು ಆಡುವ ಆಳು ಉದ್ದ ಜಡೆಯ ಹೆಣ್ಣು. ಅದರ ಬಲವೆಲ್ಲ ಕಾಲಿನಲ್ಲಿ. ಎದುರಾಳಿ ಹಾರಿ ಬಂದಾಗ ದೊಡ್ಡ ಒದೆಯೊಂದು ಬಿದ್ದರೆ ಅರ್ಧ ಆಟ ಮುಗಿದಂತೆ.

ಕೀರ್ತಿರಾಜನ ಆಳು ಹಾರಿ ಬಂತು. ತಾರಿಣಿ ಒದೆಯ ಗುಂಡಿ ಒತ್ತಿದಳು.

ಜಡೆಯ ಹೆಣ್ಣು ಸುಮ್ಮನೆ ನಿಂತಿತ್ತು.

ಇನ್ನೊಮ್ಮೆ ಒತ್ತಿದಳು. ಆಗಲೂ ಏನಿಲ್ಲ. ಆ ಗುಂಡಿ ಒಳಗೆ ಯಾವುದಕ್ಕೂ ಜೋಡಣೆಯೇ ಆಗಿರಲಿಲ್ಲ.

ಮೊದಲ ಆಟ ಹೋಯಿತು.

ನಿಲ್ಲಿಸಿದರೆ ಅರ್ಧ ನಿಮಿಷದಲ್ಲಿ ಸರಿ ಮಾಡಿಕೊಳ್ಳಬಹುದಿತ್ತು. ಆದರೆ ನಿಲ್ಲಿಸಿದವರು ಒಂದು ಆಟ ಬಿಡಬೇಕು. ಸೊನ್ನೆ-ಒಂದು ಇದ್ದದ್ದು ಸೊನ್ನೆ-ಎರಡು ಆಗುತ್ತದೆ. ಅದೂ ಅಲ್ಲದೆ ಈಗಷ್ಟೇ ಗತ್ತಿನ ಮಾತಾಡಿದ್ದಾಳೆ. ಕುಣಿಯಲಾರದವಳು ನೆಲ ಡೊಂಕು ಅಂದಳು ಅಂತ ಊರೆಲ್ಲ ಆಡಿಕೊಳ್ಳುತ್ತದೆ.

ಏಳು ಗುಂಡಿ ಸಾಕು ಅಂದುಕೊಂಡಳು.

ಎರಡನೆಯದೂ ಹೋಯಿತು. ಆಮೇಲೆ ಒಂದು ಗೆದ್ದಳು. ಒದೆಯಿಲ್ಲದೆ ಬರೀ ಗುದ್ದಿನಲ್ಲಿ, ಒದ್ದಾಡಿಕೊಂಡು. ಮತ್ತೆ ಎರಡು ಸೋತಳು, ಎರಡು ಗೆದ್ದಳು. ಮೂರು-ನಾಲ್ಕು. ಆಗ ನಿಲ್ಲಿಸೋಣ ಅನ್ನಿಸಿತು. ಮೂರು-ಐದು ಆಗುತ್ತದಲ್ಲ ಎಂದು ಬಿಟ್ಟಳು. ನಾಲ್ಕು-ಆರು. ಈಗ ನಿಲ್ಲಿಸಿದರೆ ಏಳಾಗುತ್ತದೆ. ಇನ್ನೊಂದು ಗೆದ್ದು ನಿಲ್ಲಿಸುತ್ತೇನೆ ಅಂದುಕೊಂಡಳು. ಒಂದು ಗೆದ್ದಳು, ಎರಡು ಸೋತಳು.

ಐದು-ಎಂಟು.

ಅವಳ ಅಂಗೈ ಬೆವೆತು ಹಿಡಿ ಜಾರುತ್ತಿತ್ತು. ಟಿ.ವಿ.ಯಲ್ಲಿ ಕೀರ್ತಿರಾಜನ ಆಳು ಏನು ಮಾಡುತ್ತಿದೆ ಎಂಬುದು ಎಷ್ಟೋ ಹೊತ್ತಿನಿಂದ ಅವಳ ಕಣ್ಣಿಗೆ ಬಿದ್ದಿರಲೇ ಇಲ್ಲ. ಕಣ್ಣೆಲ್ಲ ನಡುವೆ ಬಿದ್ದಿದ್ದ ಸರದ ಮೇಲೆ, ಮನಸ್ಸೆಲ್ಲ ಕೈ ಬಿಟ್ಟು ಹೋಗುತ್ತಿದ್ದ ಹಿಡಿಯ ಮೇಲೆ. ತನ್ನ ಕೈಯನ್ನೇ ನೋಡಿದಳು. ಕಿರುಬೆರಳು ಬಿಗಿದುಕೊಂಡಿತ್ತು. ಅಂಗಡಿಯಲ್ಲಿ ಇಂಥ ಕೈ ಕಂಡಿದ್ದರೆ ಅದರ ಮೇಲೆ ಒಂದು ರೂಪಾಯಿ ಕಟ್ಟುತ್ತಿರಲಿಲ್ಲ.

ತಲೆಯೆತ್ತಿ ಉಸ್ತಾದರನ್ನು ನೋಡಿದಳು.

ಉಸ್ತಾದರು ಎರಡೂ ಕೈಯನ್ನು ಕಂಕುಳಲ್ಲಿ ಇಟ್ಟುಕೊಂಡು ಕೂತಿದ್ದರು.

ತಾರಿಣಿ ಆಟ ನಿಲ್ಲಿಸಿದಳು.

ಗೋಡೆಯ ಬಳಿ ಗುಸುಗುಸು ಎದ್ದಿತು. "ಸೋಲೋ ಹೊತ್ತಲ್ಲಿ ನಿಲ್ಲಿಸ್ತಾಳೆ ನೋಡು" ಅಂದರು ಯಾರೋ.

"ಹೌದು, ನಿಲ್ಲಿಸ್ತಿದೀನಿ" ಅಂದಳು ತಾರಿಣಿ. "ಶುರುವಿನಲ್ಲಿ ಗುಂಡಿ ನೋಡ್ಕೊಳ್ಳಲಿಲ್ಲ. ತಪ್ಪು ನಂದು. ಒಂದು ಆಟ ಬಿಟ್ಟೆ."

ಐದು-ಒಂಬತ್ತು. ಇನ್ನೊಂದು ಸೋತರೆ ಮುಗಿಯಿತು.

ಟಿ.ವಿ.ಯಲ್ಲಿ ಯಾವ ಹೊಡೆತಕ್ಕೆ ಯಾವ ಗುಂಡಿ ಎಂಬ ಪಟ್ಟಿ ತೆರೆದಳು. ದೊಡ್ಡ ಒದೆಯ ಎದುರಿಗೆ ಖಾಲಿ ಇತ್ತು. ತುಂಬಿದಳು. ಎಂಟೂ ಗುಂಡಿಯನ್ನು ಒಂದೊಂದಾಗಿ ಒತ್ತಿದಳು. ಜಡೆಯ ಹೆಣ್ಣು ಕಾಲೆತ್ತಿ ಗಾಳಿಯಲ್ಲಿ ಒದ್ದಿತು. ತಾರಿಣಿಗೆ ಅಳು ಬರುವಷ್ಟು ಸಂತೋಷವಾಯಿತು.

ಬಿಟ್ಟದ್ದು ಬಿಟ್ಟಾಗಿತ್ತು. ಕೈ ಹಗುರಾಯಿತು.

ಮುಂದಿನ ನಾಲ್ಕು ಆಟ ಆ ಗರಡಿಯಲ್ಲಿ ಇವತ್ತಿಗೂ ಮಾತಾಗಿ ಉಳಿದಿವೆ. ಕೀರ್ತಿರಾಜ ಹಾರಿದರೆ ಒದೆ, ಹಾರದೆ ಕೂತರೆ ಹಿಡಿದು ಎಸೆತ. ಆರು, ಏಳು, ಎಂಟು, ಒಂಬತ್ತು. ಗೋಡೆಯ ಬಳಿ ಕೂತವರು ಎದ್ದು ನಿಂತರು. ಪಣ ಕಟ್ಟಿದ್ದನ್ನು ಮರೆತು ಬಾಯಿ ಬಿಟ್ಟುಕೊಂಡು ನೋಡಿದರು.

ಒಂಬತ್ತು-ಒಂಬತ್ತು.

ಕೊನೆಯ ಆಟ. ಇಬ್ಬರ ಆಳಿಗೂ ಕೂದಲೆಳೆಯಷ್ಟು ಜೀವ ಉಳಿದಿತ್ತು. ತಾರಿಣಿ ಒದೆ ಎತ್ತಿದಳು. ಅದೇ ಗಳಿಗೆಯಲ್ಲಿ ಕೀರ್ತಿರಾಜ ಒಂದು ಹೆಜ್ಜೆ ಹಿಂದಿಟ್ಟು, ಕಾಲು ಇಳಿಯುವ ಮುಂಚೆ ಒಂದು ಸಣ್ಣ ಗುದ್ದು ಹಾಕಿದ.

ಅಷ್ಟೇ. ಚೆನ್ನಾಗಿ ಆಡಿದ, ಗೆದ್ದ.

ತಾರಿಣಿ ಹಿಡಿಯನ್ನು ತಿರುಗಿಸಿ ಬಿಚ್ಚತೊಡಗಿದಳು.

"ಬೇಡ, ಇರಲಿ" ಅಂದ ಕೀರ್ತಿರಾಜ. "ನಿಮ್ಮ ಗುಂಡಿ ಕೆಲಸ ಮಾಡ್ತಿರಲಿಲ್ಲ. ಇನ್ನೊಂದು ದಿನ ಆಡೋಣ."

"ಕೆಲಸ ಮಾಡ್ತಿರಲಿಲ್ಲ ಅಂತ ನೋಡ್ಕೊಳ್ಳೋದೂ ಆಟವೇ. ತಗೊಳ್ಳಿ."

ಅವನು ಎರಡೂ ಕೈಯಲ್ಲಿ ತೆಗೆದುಕೊಂಡ.

"ಒಂದು ಮಾತು ಹೇಳ್ಲಾ? ನೀವು ನಿಲ್ಲಿಸಿದ ಮೇಲೆ ನಾಲ್ಕು ಆಟ ನಿಮ್ಮ ಕೈ ನನಗೆ ಗೊತ್ತೇ ಆಗಲಿಲ್ಲ."

ಉಸ್ತಾದರಿಗೆ ನಮಸ್ಕಾರ ಮಾಡಿ ಹೊರಟ. ಸರದ ತುದಿಯಲ್ಲಿ ಮರದ ಹಿಡಿ ತೂಗಾಡುತ್ತ ಹೋಯಿತು. ತಾರಿಣಿ ಅದು ಕಣ್ಣಿಗೆ ಮರೆಯಾಗುವವರೆಗೂ ನೋಡಿದಳು. ಆಮೇಲೆ ಹೊಳೆಯ ಮೆಟ್ಟಿಲಿಗೆ ಹೋಗಿ ಚೆನ್ನಾಗಿ ಅತ್ತಳು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಮಾರನೆಯ ಬೆಳಗ್ಗೆ ಅಂಗಡಿಗೆ ಹೋಗುವ ಮುಂಚೆ ಗರಡಿಗೆ ಬಂದಳು. ತೊಡೆಯ ಮೇಲಿಡುವ ಪೆಟ್ಟಿಗೆ ಕೈಯಲ್ಲಿತ್ತು. ಕೋಲಿನ ತುದಿಯಲ್ಲಿ ಬರೀ ಕಬ್ಬಿಣದ ಕಡ್ಡಿ.

"ಉಸ್ತಾದ್ರೇ, ಒಳಗೆ ಬರಬಹುದಾ?"

"ಬಾ. ಕೆಲಸ ಅದೆ."

ಅವರು ಹನುಮಂತನ ಪಕ್ಕದ ಗದೆಯನ್ನು ಎತ್ತಿ ತಂದು ಅವಳ ಮುಂದೆ ಮಲಗಿಸಿದರು. ಪಕ್ಕದಲ್ಲಿ ಗರಗಸ ಇಟ್ಟರು.

"ಕುಯ್ಯಿ."

"ಇದನ್ನಾ?"

"ಹೂಂ. ಇದರಲ್ಲೂ ಹನ್ನೊಂದು ಹಿಡಿ ಆಯ್ತದೆ. ಇನ್ನೂ ಹನ್ನೊಂದು ಸಲ ಪಣ ಕಟ್ಟಬಹುದು."

ಅವಳು ಗರಗಸ ಮುಟ್ಟಲಿಲ್ಲ. ಗದೆಯ ಹೊಟ್ಟೆಯ ಮೇಲೆ ಕೈಯಿಟ್ಟಳು. ಎರಡು ತಲೆಮಾರಿನ ಅಂಗೈ ತಾಗಿ ಸವೆದು ಮರ ನುಣ್ಣಗಾಗಿತ್ತು. ತಾನು ಕಳೆದದ್ದು ಏನೆಂದು ಆಗ ಸರಿಯಾಗಿ ತಿಳಿಯಿತು. ಗದೆಯನ್ನು ಎರಡೂ ಕೈಯಲ್ಲಿ ಎತ್ತಿ, ಉಸಿರು ಬಿಗಿಹಿಡಿದು ಹೊತ್ತುಕೊಂಡು ಹೋಗಿ, ಅದರ ಜಾಗದಲ್ಲಿ ನಿಲ್ಲಿಸಿದಳು. ಬಾಡಿದ ಹೂವನ್ನು ಸರಿ ಮಾಡಿದಳು.

"ಮತ್ತೆ ಯಾವುದರಲ್ಲಿ ಆಡ್ತೀಯವ್ವ?"

"ಹೀಗೇ ಆಡ್ತೀನಿ."

"ಕಡ್ಡಿ ಕೈಗೆ ಒತ್ತುತದೆ."

"ಒತ್ತಲಿ. ಒಂದು ವರ್ಷ ಹೀಗೇ ಆಡ್ತೀನಿ. ಆಮೇಲೂ ಕೀರ್ತಿರಾಜನ ಹತ್ರ ಹೋಗಿ ಪಣ ಕಟ್ಟಲ್ಲ. ಸುಮ್ಮನೆ ಆಡೋಕೆ ಕರೀತೀನಿ. ಆ ಮನುಷ್ಯ ಬರ್ತಾನೆ, ನಾನು ಗೆಲ್ತೀನಿ. ಹಿಡಿ ಅವನ ಹತ್ರಾನೇ ಇರಲಿ."

ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡು ಕೂತಳು. ಆಟ ಹಚ್ಚಿದಳು. ಎಂಟು ಗುಂಡಿಯನ್ನು ಒಂದೊಂದಾಗಿ ಒತ್ತಿದಳು. ಎಂಟೂ ಮಾತು ಕೇಳಿದವು.

ಆಗ ಅವಳಿಗೆ ಒಂದು ಯೋಚನೆ ಬಂತು. ಶನಿವಾರ ಸಂಜೆ ಆಡಿ ಎದ್ದಾಗಲೂ ಎಂಟೂ ಗುಂಡಿ ಸರಿಯಾಗಿದ್ದವು. ಆಮೇಲೆ ಆ ಆಟವನ್ನು ಮುಟ್ಟಿದವರು ಒಬ್ಬರೇ.

"ಉಸ್ತಾದ್ರೇ."

"ಏನವ್ವ?"

"ನೆನ್ನೆ ಬೆಳಗ್ಗೆ ಆ ಗುಂಡಿ ಜೋಡಣೆ ತೆಗೆದಿದ್ದು ನೀವಾ?"

"ನಾನೇ."

ತಾರಿಣಿ ತಿರುಗಿ ನೋಡಿದಳು. ಉಸ್ತಾದರು ಮಣ್ಣಿಗೆ ನೀರು ಚಿಮುಕಿಸುತ್ತಿದ್ದರು, ಅವಳ ಕಡೆ ನೋಡಲಿಲ್ಲ.

"ಆ ಹಿಡಿ ನಿಮ್ಮ ಅಪ್ಪನ ಗದೆದು. ನಾನು ಸೋತ್ರೆ ಹೋಗ್ತದೆ ಅಂತ ಗೊತ್ತಿತ್ತಲ್ಲ. ಯಾಕೆ ಉಸ್ತಾದ್ರೇ?"

ನೀರಿನ ಚೊಂಬನ್ನು ಕೆಳಗಿಟ್ಟು ಉಸ್ತಾದರು ಅವಳ ಮುಖ ನೋಡಿದರು.

"ನೆನ್ನೆ ನಾನೂ ಪಣ ಕಟ್ಟಿದ್ದೆ ಕಣವ್ವ. ನೀನು ಗುಂಡಿ ನೋಡ್ಕೋತೀಯ ಅಂತ."